ನಮ್ಮ ಹಿತ್ತಲು, ನಮ್ಮ ಆಕಾಶ



ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ, ಬರಗಾಲ. ಸಹ್ಯಾದ್ರಿಯ ಆಚೆ ಧಾರಾಕಾರವಾಗಿ ಸುರಿಯುವ ಮಳೆ ನಮ್ಮ ತನಕ ಬರುವಷ್ಟರಲ್ಲಿ ಬರಿದಾಗಿರುತ್ತದೆ. ಈ ಕಷ್ಟ ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಮೋಡ ಕಡಿಮೆ ಇರುವ ನಾಡಿಗೆ ಇನ್ನೊಂದು ಸಂಪತ್ತು ಇರುತ್ತದೆ. ನವೆಂಬರದಿಂದ ಮೇ ತನಕ ನಮ್ಮ ರಾತ್ರಿಗಳು ಬಹುತೇಕ ನಿಚ್ಚಳವಾಗಿರುತ್ತವೆ. ಮುಂಬಯಿ, ಪುಣೆಗಳಲ್ಲಿ ಇರುವವರು ಇಂಥ ಆಕಾಶ ನೋಡಲು ಹಣ ಖರ್ಚು ಮಾಡಿ ದೂರ ಹೋಗಬೇಕು. ನಾವು ಹಿತ್ತಲ ಬಾಗಿಲು ತೆರೆದರೆ ಸಾಕು. ಈ ಸಂಪತ್ತನ್ನು ಒಂದು ಸಾಧಾರಣ ಕ್ಯಾಮರಾದಿಂದ ಹೇಗೆ ಹಿಡಿದಿಡಬಹುದು, ಏಕೆ ಹಿಡಿದಿಡಬೇಕು ಎಂಬುದನ್ನು ಹೇಳಬಯಸುತ್ತೇನೆ.

ನಾನು ಮ್ಯಾಟ್ರಿಕ್ ಓದಿದವನು. ಬ್ಯಾಂಕಿನಲ್ಲಿ ಕಾರಕೂನನಾಗಿ ದುಡಿದು ನಿವೃತ್ತನಾದೆ. ವಿಜ್ಞಾನದ ಪದವಿ ನನಗಿಲ್ಲ. ಮನೆಯ ಹಿಂದೆ ಎರಡು ಗುಂಟೆ ಹಿತ್ತಲಿದೆ. ಅದರಲ್ಲಿ ಒಂದು ಹಳೆಯ ಬೇವಿನ ಮರ, ಲಿಂಬಿ, ಕರಿಬೇವು, ನಾಲ್ಕು ದಾಳಿಂಬೆ, ದಾಸವಾಳ ಮತ್ತು ಒಂದು ರಾತ್ರಿರಾಣಿ ಇವೆ. ನನ್ನ ಎಲ್ಲ ಚಿತ್ರಗಳೂ ಈ ಎರಡು ಗುಂಟೆಯಲ್ಲಿ ನಿಂತು ತೆಗೆದವು.

ಮೊದಲು ಸಾಮಾನಿನ ಮಾತು. ದುರ್ಬೀನು ಬೇಕೇ ಬೇಕು ಎಂದು ಹಲವರು ತಿಳಿಯುತ್ತಾರೆ. ಬೇಡ. ಈಗಿನ ಅನೇಕ ಮೊಬೈಲ್ ಫೋನುಗಳಲ್ಲಿ ಕ್ಯಾಮರಾದ ಕಣ್ಣನ್ನು ಹತ್ತು, ಇಪ್ಪತ್ತು, ಮೂವತ್ತು ಸೆಕೆಂಡು ತೆರೆದಿಡುವ ಸೌಲಭ್ಯ ಇದೆ. ಫೋನು ಅಲುಗಾಡದಂತೆ ನಿಲ್ಲಿಸಲು ಒಂದು ಮೂರುಕಾಲಿನ ಸ್ಟ್ಯಾಂಡು ಬೇಕು. ಅದೂ ಇಲ್ಲದಿದ್ದರೆ ಎರಡು ಇಟ್ಟಂಗಿಗಳ ನಡುವೆ ಒರಗಿಸಿಡಿ. ಬೆರಳು ತಾಗಿದಾಗ ಫೋನು ನಡುಗುತ್ತದೆ, ಆದ್ದರಿಂದ ಗುಂಡಿ ಒತ್ತಿದ ಮೇಲೆ ಎರಡು ಸೆಕೆಂಡು ತಡೆದು ಚಿತ್ರ ತೆಗೆಯುವಂತೆ ಟೈಮರ್ ಇಡಿ. ಸೂರ್ಯ ಮುಳುಗಿ ಸುಮಾರು ಒಂದೂಕಾಲು ಗಂಟೆಯಾದ ಮೇಲೆ ಆಕಾಶ ಪೂರ್ತಿ ಕಪ್ಪಾಗುತ್ತದೆ. ಅಮಾವಾಸ್ಯೆಯ ಹಿಂದುಮುಂದಿನ ದಿನಗಳಾದರೆ ಇನ್ನೂ ಒಳ್ಳೆಯದು.

ಎಷ್ಟು ಹೊತ್ತು ತೆರೆದಿಡಬೇಕು? ಇಲ್ಲಿ ಒಂದು ಲೆಕ್ಕವಿದೆ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹೀಗಾಗಿ ಬಹಳ ಹೊತ್ತು ತೆರೆದಿಟ್ಟರೆ ಚುಕ್ಕಿ ಗುಂಡಗೆ ಕಾಣದೆ ಗೆರೆಯಾಗುತ್ತದೆ. 500 ಎಂಬ ಅಂಕಿಯನ್ನು ಮಸೂರದ ಮಿಲಿಮೀಟರ್ ಅಂಕಿಯಿಂದ ಭಾಗಿಸಿರಿ. ಹಳೆಯ ಫಿಲ್ಮ್ ಕ್ಯಾಮರಾದ 50 ಮಿಲಿಮೀಟರ್ ಮಸೂರಕ್ಕೆ 10 ಸೆಕೆಂಡು ಬರುತ್ತದೆ. ಫೋನಿನ ಸಾಮಾನ್ಯ ಮಸೂರ ಆ ಅಳತೆಯಲ್ಲಿ ಸುಮಾರು 25 ಮಿಲಿಮೀಟರಿಗೆ ಸಮ, ಆದ್ದರಿಂದ 20 ಸೆಕೆಂಡು. ಇದು ಅಂದಾಜಿನ ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ.

ಗೆರೆಯೇ ಬೇಕೆಂದರೆ ಉತ್ತರಕ್ಕೆ ಮುಖ ಮಾಡಿ. ಜತ್ತ ಊರು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಧ್ರುವ ನಕ್ಷತ್ರ ನಮಗೆ ದಿಗಂತದಿಂದ ಸುಮಾರು 17 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ಒಂದೂಮುಕ್ಕಾಲು ಮುಷ್ಟಿ ಎತ್ತರ. ಮೂವತ್ತು ಸೆಕೆಂಡಿನ 120 ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ತೆಗೆದು ಕೂಡಿಸಿದರೆ ಒಂದು ಗಂಟೆಯ ತಿರುಗಾಟ ಕಾಣುತ್ತದೆ. ಎಲ್ಲ ಚುಕ್ಕಿಗಳೂ ಧ್ರುವನ ಸುತ್ತ 15 ಡಿಗ್ರಿಯ ಬಿಲ್ಲುಗಳನ್ನು ಬರೆದಿರುತ್ತವೆ. ಭೂಮಿ ತಿರುಗುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದರ ಪುರಾವೆ ಹಿತ್ತಲಿನಲ್ಲೇ ಸಿಗುತ್ತದೆ.

ಚಂದ್ರನ ಚಿತ್ರ ತೆಗೆದರೆ ಬರೀ ಬಿಳಿ ಉಂಡೆ ಬರುತ್ತದೆ ಎಂದು ಕೆಲವರು ದೂರುತ್ತಾರೆ. ರಾತ್ರಿಯಾಗಿದೆ ಎಂದು ಕ್ಯಾಮರಾ ಹೆಚ್ಚು ಬೆಳಕು ನುಂಗುವುದೇ ಇದಕ್ಕೆ ಕಾರಣ. ಚಂದ್ರ ಬಿಸಿಲಿನಲ್ಲಿ ಬಿದ್ದಿರುವ ಬಂಡೆ. ಹಗಲಿನಲ್ಲಿ ಕಲ್ಲಿನ ಚಿತ್ರ ತೆಗೆಯುವ ಹಾಗೆಯೇ ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ಹೊತ್ತು ತೆರೆಯಬೇಕು. ಹುಣ್ಣಿಮೆಗಿಂತ ಸಪ್ತಮಿ, ಅಷ್ಟಮಿಯ ಚಂದ್ರ ಒಳ್ಳೆಯದು. ಬೆಳಕು ಓರೆಯಾಗಿ ಬೀಳುವುದರಿಂದ ಕುಳಿಗಳ ನೆರಳು ಎದ್ದು ಕಾಣುತ್ತದೆ.

ಕತ್ತಲಲ್ಲಿ ತೆಗೆದ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಳು ಕಾಣುತ್ತವೆ. ಅದಕ್ಕೂ ಉಪಾಯವಿದೆ. ಒಂದೇ ಜಾಗದ 16 ಚಿತ್ರ ತೆಗೆದು, ಚುಕ್ಕಿಗಳು ಒಂದರ ಮೇಲೊಂದು ಕೂರುವಂತೆ ಹೊಂದಿಸಿ, ಕಂಪ್ಯೂಟರಿನಲ್ಲಿ ಸರಾಸರಿ ತೆಗೆದರೆ ಕಾಳು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಾಳು ಪ್ರತಿ ಚಿತ್ರದಲ್ಲಿ ಬೇರೆ ಬೇರೆ ಕಡೆ ಬೀಳುತ್ತದೆ, ಚುಕ್ಕಿ ಮಾತ್ರ ತನ್ನ ಜಾಗ ಬಿಡುವುದಿಲ್ಲ. ಸರಾಸರಿಯಲ್ಲಿ ಸ್ಥಿರವಾದದ್ದು ಉಳಿಯುತ್ತದೆ, ಚಂಚಲವಾದದ್ದು ಕರಗುತ್ತದೆ.

ಇನ್ನು ಏನನ್ನು ತೆಗೆಯಬೇಕು? ನಮ್ಮ ರೈತರ ಬಾಯಲ್ಲಿರುವ ನಕ್ಷತ್ರಗಳಿಂದಲೇ ಆರಂಭಿಸಿ ಎಂದು ನಾನು ಹೇಳುತ್ತೇನೆ. ಮಿರಗ, ಆರಿದ್ರ, ಪುಷ್ಯ, ಮಘಾ, ಹಸ್ತ, ಚಿತ್ತಿ, ಸ್ವಾತಿ ಎಂದು ಮಳೆಯ ಹೆಸರನ್ನು ನಾವು ದಿನವೂ ಹೇಳುತ್ತೇವೆ. ಅವು ಆಕಾಶದಲ್ಲಿ ಎಲ್ಲಿವೆ ಎಂದು ಕೇಳಿದರೆ ತೋರಿಸುವವರು ಈಗ ಕಡಿಮೆ. ಮಿರಗದ ಮಳೆ ಜೂನ್ 7 ಅಥವಾ 8ಕ್ಕೆ ಹುಟ್ಟುತ್ತದೆ. ಆ ರಾತ್ರಿ ಮೃಗಶಿರವನ್ನು ಹುಡುಕಿದರೆ ಸಿಗುವುದಿಲ್ಲ. ಆಗ ಸೂರ್ಯನೇ ಆ ನಕ್ಷತ್ರದಲ್ಲಿರುತ್ತಾನೆ, ಅವನ ಜೊತೆಗೇ ಅದು ಹಗಲಿನಲ್ಲಿ ಮೂಡಿ ಮುಳುಗುತ್ತದೆ. ಸೂರ್ಯನ ಹಾದಿಯನ್ನು 27 ಪಾಲು ಮಾಡಿದ್ದಾರೆ. ಒಂದೊಂದರಲ್ಲಿ ಅವನು 13, 14 ದಿನ ಇರುತ್ತಾನೆ. ಅದೇ ಮಳೆ ನಕ್ಷತ್ರದ ಲೆಕ್ಕ. ಆರು ತಿಂಗಳು ಕಳೆದು ಡಿಸೆಂಬರ ಬಂದಾಗ ಸೂರ್ಯ ಎದುರು ದಿಕ್ಕಿಗೆ ಹೋಗಿರುತ್ತಾನೆ, ಆಗ ಮೃಗ ಇಡೀ ರಾತ್ರಿ ಕಾಣುತ್ತದೆ.

ಗುಡ್ಡಾಪುರದ ದಾನಮ್ಮನ ಜಾತ್ರೆ ಛಟ್ಟಿ ಅಮಾವಾಸ್ಯೆಗೆ ಆಗುತ್ತದೆ. ಎಷ್ಟೋ ಭಕ್ತರು ರಾತ್ರಿಯೆಲ್ಲ ನಡೆದು ಬರುತ್ತಾರೆ. ಆ ದಿನಗಳಲ್ಲಿ ಊಟದ ಹೊತ್ತಿಗೆ ಮೂಡಣ ದಿಕ್ಕಿಗೆ ನೋಡಿ. ಸಾಲಾಗಿ ಮೂರು ಚುಕ್ಕಿಗಳು, ಅವುಗಳ ಸುತ್ತ ಚೌಕವಾಗಿ ನಾಲ್ಕು ಚುಕ್ಕಿಗಳು ಏರಿ ಬರುತ್ತವೆ. ಅವುಗಳಲ್ಲಿ ಕೆಂಪಾಗಿರುವುದು ಆರಿದ್ರ. ಅದಕ್ಕಿಂತ ಮೇಲೆ ಇನ್ನೊಂದು ಕೆಂಪು ಚುಕ್ಕಿ ರೋಹಿಣಿ, ಇನ್ನೂ ಮೇಲೆ ಗುಂಪಾಗಿರುವುದು ಕೃತ್ತಿಕೆ. ಹತ್ತು ಸೆಕೆಂಡಿನ ಒಂದೇ ಚಿತ್ರದಲ್ಲಿ ಇವೆಲ್ಲ ಸಿಗುತ್ತವೆ.

ಈ ಆರಿದ್ರ 2019ರ ಕೊನೆಯಲ್ಲಿ ಮಂಕಾಗತೊಡಗಿತು. 2020ರ ಫೆಬ್ರವರಿಯ ಹೊತ್ತಿಗೆ ಅದರ ಬೆಳಕು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದು, ರೋಹಿಣಿಗಿಂತ ಮಂಕಾಗಿ ಕಂಡಿತು. ಆಮೇಲೆ ಮತ್ತೆ ಚೇತರಿಸಿಕೊಂಡಿತು. ಆ ನಕ್ಷತ್ರ ಹೊರಗೆ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ, ಅದರ ಮುಖವನ್ನು ಮರೆ ಮಾಡಿತ್ತು ಎಂದು ವಿಜ್ಞಾನಿಗಳು ಹೇಳಿದ್ದಾರೆ. ಇಂಥ ಬದಲಾವಣೆ ಬರಿಗಣ್ಣಿಗೇ ತಿಳಿಯುತ್ತದೆ. ಬೆಳಕು ಬದಲಾಗುವ ನಕ್ಷತ್ರಗಳನ್ನು ನೋಡಿ ಬರೆದಿಡುವ ಹವ್ಯಾಸಿಗಳ ಸಂಘವೊಂದು ಅಮೆರಿಕದಲ್ಲಿ 1911ರಿಂದ ನಡೆಯುತ್ತಿದೆ. ಜಗತ್ತಿನ ಯಾವ ಊರಿನವರಾದರೂ ಅದಕ್ಕೆ ತಮ್ಮ ಲೆಕ್ಕ ಕಳಿಸಬಹುದು. ಅಂಥವರ ದಾಖಲೆಗಳನ್ನು ವಿಜ್ಞಾನಿಗಳು ಬಳಸುತ್ತಾರೆ.

ದಕ್ಷಿಣಕ್ಕೂ ನಮಗೆ ಭಾಗ್ಯವಿದೆ. ಚಳಿಗಾಲದಲ್ಲಿ ಅಗಸ್ತ್ಯ ನಕ್ಷತ್ರ ಇಲ್ಲಿಂದ 20 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನವರಿಗೆ ಅದು ಎಂದೂ ಕಾಣುವುದಿಲ್ಲ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ತ್ರಿಶಂಕುವಿನ ನಾಲ್ಕು ಚುಕ್ಕಿಗಳು ದಕ್ಷಿಣದ ಬಯಲಿನ ಮೇಲೆ ನಿಲ್ಲುತ್ತವೆ. ಅದೇ ತಿಂಗಳ ನಡುರಾತ್ರಿ ಮೂಲಾ ನಕ್ಷತ್ರದ ಪಕ್ಕದಲ್ಲಿ ಆಕಾಶಗಂಗೆಯ ನಡುಭಾಗ ಕಾಣುತ್ತದೆ. ಅದು ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ.

ಹಗಲಿಗೆ ಬರೋಣ. ಅದೇ ಫೋನಿನಿಂದ ಹಿತ್ತಲಿನ ಜೀವಗಳನ್ನೂ ನೋಡಬಹುದು. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಸುತ್ತಲಿನ ಹಕ್ಕಿಗಳ ಚಿತ್ರ ತೆಗೆದು ಕನ್ನಡಿಗರಿಗೆ ತೋರಿಸಿದರು. ನಮ್ಮದು ಮಲೆನಾಡಲ್ಲ, ಆದರೂ ನಮ್ಮಲ್ಲಿ ನೋಡುವಂಥದ್ದು ಬಹಳವಿದೆ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಬಾವಿಯ ಮೇಲೆ ಬಾಗಿದ ಜಾಲಿಗೆ ಗೀಜಗ ಗೂಡು ಕಟ್ಟುತ್ತದೆ. ಲಿಂಬಿ, ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಲಿಂಬಿ ಚಿಟ್ಟೆಯ ಮರಿಹುಳು. ಹಕ್ಕಿ ತಿನ್ನದಿರಲೆಂದು ಆ ವೇಷ. ದೊಡ್ಡದಾದಂತೆ ಅದು ಹಸಿರಾಗುತ್ತದೆ. ದಿನಕ್ಕೊಂದು ಚಿತ್ರ ತೆಗೆದರೆ ಇಡೀ ಕಥೆ ಸಿಗುತ್ತದೆ.

ದಾಳಿಂಬೆ ಬೆಳೆಯುವವರಿಗೆ ಒಂದು ಉಪಯೋಗದ ಮಾತು. ದಾಳಿಂಬೆ ಚಿಟ್ಟೆ ಹೂವಿನ ಬುಡದಲ್ಲಿ, ಎಳೆಗಾಯಿಯ ಮೇಲೆ ಒಂಟಿ ಒಂಟಿಯಾಗಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಯಿ ಕೊರೆದು ಒಳಗೆ ಹೋಗಿ ಕಾಳು ತಿನ್ನುತ್ತದೆ. ತೂತು ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿ ಕೈಬಿಟ್ಟಿರುತ್ತದೆ. ಚಿಟ್ಟೆ ಮೊದಲು ಯಾವ ದಿನ ಬಂತು ಎಂದು ಚಿತ್ರ ಸಹಿತ ಬರೆದಿಟ್ಟರೆ, ಮುಂದಿನ ಬಹಾರಿನಲ್ಲಿ ಕಾಯಿಗಳಿಗೆ ಚೀಲ ಕಟ್ಟುವ ಹೊತ್ತು ತಿಳಿಯುತ್ತದೆ.

ಒಂದು ನಿಯಮ ಮರೆಯಬೇಡಿ. ಗೂಡಿನ ಚಿತ್ರಕ್ಕಾಗಿ ಎಲೆ ತರಿಯಬೇಡಿ. ಆ ಎಲೆಯೇ ಮರಿಗಳಿಗೆ ನೆರಳು, ಕಾಗೆಯಿಂದ ಮರೆ. ರಾತ್ರಿ ಹಾಲಕ್ಕಿಯ ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಡಿ. ಬುಡಬುಡಕಿಯವರ ಮಾತಿನಿಂದ ಹಾಲಕ್ಕಿಗೆ ಶಕುನದ ಹೆಸರು ಬಂದಿದೆ, ಅದನ್ನು ಅಂಜಿ ಓಡಿಸುವವರೂ ಇದ್ದಾರೆ. ಅದು ತಿನ್ನುವುದು ಇಲಿ ಮತ್ತು ಹುಳುಗಳನ್ನು. ರೈತನಿಗೆ ಅದು ಕೂಲಿ ಕೇಳದ ಆಳು.

ಗ್ರಹಣದ ವಿಷಯದಲ್ಲಿ ಹೆದರಿಕೆ ಬೇಡ, ಎಚ್ಚರ ಬೇಕು. 26 ಡಿಸೆಂಬರ್ 2019ರಂದು ಕಾಸರಗೋಡಿನ ಕನ್ನಡಿಗರಿಗೆ ಕಂಕಣ ಗ್ರಹಣ ಕಂಡಿತು, ನಮಗೆ ಖಂಡಗ್ರಾಸ. ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ತಕ್ಕ ಫಿಲ್ಟರ್ ಇಲ್ಲದ ಮಸೂರದಿಂದಾಗಲಿ ನೋಡಲೇಬಾರದು. ಬೇವಿನ ಮರದ ಕೆಳಗೆ ನೆಲ ನೋಡಿ. ಎಲೆಗಳ ಸಂದಿಯಿಂದ ಬೀಳುವ ಒಂದೊಂದು ಬೆಳಕಿನ ಚೂರೂ ಗ್ರಹಣ ಹಿಡಿದ ಸೂರ್ಯನ ಆಕಾರದಲ್ಲಿರುತ್ತದೆ. ಅದರ ಚಿತ್ರ ಚಿಕ್ಕ ಮಕ್ಕಳೂ ತೆಗೆಯಬಹುದು. ಚಂದ್ರಗ್ರಹಣಕ್ಕೆ ಯಾವ ಅಪಾಯವೂ ಇಲ್ಲ. 7 ಸೆಪ್ಟೆಂಬರ್ 2025ರ ರಾತ್ರಿ ಸುಮಾರು 11ರಿಂದ 12 ಗಂಟೆ 22 ನಿಮಿಷದವರೆಗೆ ಚಂದ್ರ ಪೂರ್ತಿ ಭೂಮಿಯ ನೆರಳಿನಲ್ಲಿದ್ದ. ಮುಂದೆ 21 ಮೇ 2031ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಗ್ರಹಣ ಹಾಯುತ್ತದೆ, ನಮಗೆ ಖಂಡಗ್ರಾಸ. ಮೇ ತಿಂಗಳಾದ್ದರಿಂದ ಬಿಸಿಲು ಇದ್ದೇ ಇರುತ್ತದೆ. ಈಗ ಪ್ರಾಥಮಿಕ ಶಾಲೆಯಲ್ಲಿರುವ ಮಕ್ಕಳಿಗೆ ಇಂದೇ ಹೇಳಿಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಕಪ್ಪು ಆಕಾಶ ಶಾಶ್ವತವಲ್ಲ. ನಮ್ಮ ಓಣಿಯ ಕಂಬಕ್ಕೆ ಪ್ರಖರವಾದ ಬಿಳಿ ದೀಪ ಬಂತು. ಅದರ ಬೆಳಕು ಹಾದಿಗೆ ಬಿದ್ದಷ್ಟೇ ಬೇವಿನ ತುದಿಗೂ ಬೀಳುತ್ತಿತ್ತು. ಹಳೆಯ ಚಿತ್ರದಲ್ಲಿ ಎಣಿಸಿದ ಸಣ್ಣ ಚುಕ್ಕಿಗಳು ಹೊಸ ಚಿತ್ರದಲ್ಲಿ ಸಿಗಲಿಲ್ಲ. ರಾತ್ರಿರಾಣಿಗೆ ಬರುವ ಪತಂಗಗಳು ದೀಪವನ್ನೇ ಸುತ್ತಿ ಸುತ್ತಿ ಬೆಳಗಿನ ಹೊತ್ತಿಗೆ ಸತ್ತು ಬೀಳುತ್ತಿದ್ದವು. ದೀಪ ತೆಗೆಸೋಣ ಎಂದು ಓಣಿಯಲ್ಲಿ ಮಾತು ತೆಗೆದಾಗ ನೆರೆಮನೆಯ ಹೆಣ್ಣುಮಗಳು ಹೇಳಿದಳು:

“ಕಾಕಾ, ನಿಮಗ ಚುಕ್ಕಿ ಬೇಕು. ನಮಗ ಹಾದಿ ಕಾಣಬೇಕು. ಕತ್ತಲದಾಗ ಹಾವು, ಚೇಳು ಎಲ್ಲಿ ಅದಾವಂತ ಹೆಂಗ ತಿಳೀಬೇಕ್ರಿ?”

ಈ ಪ್ರಶ್ನೆಗೆ ಉತ್ತರ ಕೊಡದೆ ಆಕಾಶದ ಮಾತು ಆಡುವುದು ನ್ಯಾಯವಲ್ಲ. ರಾತ್ರಿ ನೀರಿಗೆ ಹೋಗುವ ಹೆಣ್ಣುಮಕ್ಕಳಿಗೆ, ಕರೆಂಟು ಬಂದಾಗ ಪಂಪು ಹಚ್ಚಲು ಹೋಗುವ ರೈತನಿಗೆ ಬೆಳಕು ಬೇಕೇ ಬೇಕು. ಆದ್ದರಿಂದ ನಾವು ದೀಪ ತೆಗೆಸಲಿಲ್ಲ. ಪಂಚಾಯತಿಗೆ ಅರ್ಜಿ ಕೊಟ್ಟು, ಲೈನ್‌ಮನ್ ಕೈಯಿಂದ ಅದಕ್ಕೆ ತಗಡಿನ ಟೊಪ್ಪಿಗೆ ಹಾಕಿಸಿದೆವು. ಟೊಪ್ಪಿಗೆಯ ಒಳಮೈಗೆ ಬಿಳಿ ಬಣ್ಣ ಬಳಿಸಿದೆವು. ಮೇಲಕ್ಕೆ ಹೋಗಿ ವ್ಯರ್ಥವಾಗುತ್ತಿದ್ದ ಬೆಳಕೂ ಈಗ ಹಾದಿಗೇ ಬೀಳುತ್ತದೆ. ಹಾದಿ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ ಎಂದು ಆ ಹೆಣ್ಣುಮಗಳೇ ಹೇಳಿದಳು. ಮನೆಗಳ ಮುಂದಿನ ದೀಪಗಳನ್ನು ಮಲಗುವಾಗ ಆರಿಸುವುದಕ್ಕೂ ಕೆಲವರು ಒಪ್ಪಿದರು. ಕರೆಂಟು ಬಿಲ್ಲು ಕಡಿಮೆಯಾಗುವುದು ಅವರಿಗೆ ಸಿಕ್ಕ ಲಾಭ.

ಸರ್ಕಾರಗಳೂ ಇದನ್ನು ಈಗ ಮನಗಂಡಿವೆ. ಲಡಾಖದ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅದರ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಸಾರಿದರು. ನಮ್ಮದೇ ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರ ಜನವರಿಯಲ್ಲಿ ಕತ್ತಲ ಆಕಾಶದ ಉದ್ಯಾನವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ನಮ್ಮ ಹಳ್ಳಿಗಳಿಗೆ ಅಂಥ ಬಿರುದು ಬೇಕಾಗಿಲ್ಲ. ಕಂಬಕ್ಕೊಂದು ಟೊಪ್ಪಿಗೆ ಸಾಕು.

ಕೊನೆಯದಾಗಿ ಒಂದು ವಿನಂತಿ. ಬ್ಯಾಂಕಿನಲ್ಲಿ ತಾರೀಖು ಇಲ್ಲದ ಚೀಟಿಯನ್ನು ನಾವು ಮುಟ್ಟುತ್ತಿರಲಿಲ್ಲ. ಚಿತ್ರಕ್ಕೂ ಅದೇ ರೀತಿ. ಒಂದು ನೂರು ಪುಟದ ವಹಿ ಇಡಿ. ತಾರೀಖು, ಹೊತ್ತು, ದಿಕ್ಕು, ಮೋಡ ಇತ್ತೋ ಇಲ್ಲವೋ, ಏನು ಕಂಡಿತು ಎಂಬ ಐದು ಕಲಮು ಸಾಕು. ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ. ಗಡಿಯ ಈಚೆ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತಾರೆ. ಎರಡೂ ನಮ್ಮವೇ. ಆದರೆ ಗೀಜಗ, ಹಾಲಕ್ಕಿ, ಆರಿದ್ರ ಎಂಬ ಮಾತುಗಳು ಅಜ್ಜ ಅಜ್ಜಿಯರ ಜೊತೆಗೇ ಹೋಗಬಾರದು. ನಿಮ್ಮೂರಿನಲ್ಲಿ ಕನ್ನಡ ಶಾಲೆ ಇದ್ದರೆ, ಅಮಾವಾಸ್ಯೆಯ ಒಂದು ಸಂಜೆ ಗುರುಗಳನ್ನು ಕೇಳಿಕೊಂಡು ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಸೇರಿಸಿ. ಒಂದು ಫೋನು, ಎರಡು ಇಟ್ಟಂಗಿ ಒಯ್ಯಿರಿ. ಮೊದಲ ಚಿತ್ರವನ್ನು ಮಕ್ಕಳ ಕೈಯಿಂದಲೇ ತೆಗೆಸಿರಿ, ಅದರ ಕೆಳಗೆ ಅವರ ಹೆಸರು, ತಾರೀಖು ಬರೆಸಿರಿ.