ಮಹಾಕಪಿಗಳ ಊಟ
(ವಾಚನಾಲಯದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾಲ್ಕು ಜಿಲ್ಲೆಯವರು ಒಂದೇ ಖೋಲಿಯಲ್ಲಿ ಬಾಳುವ ನಮ್ಮಲ್ಲಿ ಊಟದ ವಿಷಯವಾಗಿ ವಾದ ಹುಟ್ಟುವುದು ಹೊಸದಲ್ಲ. ಆದರೆ ಆ ವಾದ ಒಮ್ಮೊಮ್ಮೆ ಒಲೆ ಬೇರೆಯಾಗುವವರೆಗೆ, ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಮಲಗಲು ಜಾಗ ಸಿಗದಿರುವವರೆಗೆ ಹೋಗುತ್ತದೆ. ಆಗ ಒಬ್ಬರು, “ಮನುಷ್ಯನ ನೆಂಟನಾದ ವಾನರ ಹಣ್ಣು ತಿಂದು ಬದುಕುತ್ತದೆ, ಮಾಂಸ ಪ್ರಕೃತಿಗೆ ವಿರುದ್ಧ” ಎನ್ನುತ್ತಾರೆ. ಇನ್ನೊಬ್ಬರು, “ಚಿಂಪಾಂಜಿ ಬೇಟೆಯಾಡುತ್ತದೆ, ಮಾಂಸವೇ ಸಹಜ” ಎನ್ನುತ್ತಾರೆ. ಇಂದು ಆ ಸಾಕ್ಷಿಗಳನ್ನೇ ಕರೆದು ವಿಚಾರಿಸೋಣ.

ಬಾಲವಿಲ್ಲದ ಈ ದೊಡ್ಡ ವಾನರಗಳಲ್ಲಿ ನಾಲ್ಕು ಬಗೆ: ಆಫ್ರಿಕಾದ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ; ಬೋರ್ನಿಯೊ, ಸುಮಾತ್ರಾ ದ್ವೀಪಗಳ ಒರಾಂಗುಟಾನ್.

ಚಿಂಪಾಂಜಿ ಸಸ್ಯಾಹಾರಿಯೆಂದೇ ಬಹುಮಂದಿ ಪಂಡಿತರು ತಿಳಿದಿದ್ದ ಕಾಲವಿತ್ತು. 1960ರಲ್ಲಿ ಜೇನ್ ಗುಡಾಲ್ ಎಂಬ 26 ವರ್ಷದ ಇಂಗ್ಲಿಷ್ ತರುಣಿ, ಇಂದಿನ ಟಾಂಜಾನಿಯಾದ ಗೊಂಬೆ ಕಾಡಿಗೆ ಹೋದರು. ಕಾಲೇಜು ಪದವಿಯಿಲ್ಲದ ಅವರು ಅದಕ್ಕೆ ಮುಂಚೆ ಕಚೇರಿಗಳಲ್ಲಿ ಕಾಗದಪತ್ರದ ಕೆಲಸ ಮಾಡಿದವರು. ತಿಂಗಳುಗಟ್ಟಲೆ ತಾಳ್ಮೆಯಿಂದ ಕಾದ ಮೇಲೆ, ಒಂದು ಚಿಂಪಾಂಜಿ ಕಾಡುಹಂದಿಯ ಮರಿಯನ್ನು ತಿನ್ನುವುದು ಅವರ ಕಣ್ಣಿಗೆ ಬಿತ್ತು. ಇವು ಗುಂಪುಗೂಡಿ ಕೆಂಪು ಕೊಲೊಬಸ್ ಕೋತಿಗಳನ್ನು ಬೇಟೆಯಾಡುವುದೂ ಮುಂದೆ ತಿಳಿಯಿತು.

ಆದರೂ ಚಿಂಪಾಂಜಿಯ ಹೊಟ್ಟೆ ತುಂಬುವುದು ಮುಖ್ಯವಾಗಿ ಹಣ್ಣಿನಿಂದ. ಮಾಂಸ ನೂರರಲ್ಲಿ ಕೆಲವೇ ಪಾಲು. ಬೇಟೆಗೆ ಹೆಚ್ಚಾಗಿ ಗಂಡುಗಳು ಹೊರಡುತ್ತವೆ. ಹೆಣ್ಣುಗಳು ಹುತ್ತದೊಳಗೆ ಹುಲ್ಲುಕಡ್ಡಿ ತೂರಿಸಿ, ಕಚ್ಚಿ ಹಿಡಿದ ಗೆದ್ದಲನ್ನು ಮೆಲ್ಲಗೆ ಎಳೆದು ತಿನ್ನುತ್ತವೆ. ಬೇಟೆ ಸಿಕ್ಕಾಗ ಉಳಿದವು ಸುತ್ತ ಕುಳಿತು ಕೈಚಾಚುತ್ತವೆ. ಕೆಲವಕ್ಕೆ ಪಾಲು ಸಿಗುತ್ತದೆ, ಕೆಲವಕ್ಕೆ ಇಲ್ಲ.

ಕಾಂಗೋ ನದಿಯ ದಕ್ಷಿಣಕ್ಕಿರುವ ಬೊನೊಬೊ ಚಿಂಪಾಂಜಿಗೆ ದಾಯಾದಿ. ಇದಕ್ಕೂ ಹಣ್ಣೇ ಮುಖ್ಯ. ಆಗಾಗ ಸಣ್ಣ ಜಾತಿಯ ಹುಲ್ಲೆಯನ್ನು ಹಿಡಿಯುತ್ತದೆ. ಆದರೆ ಇಲ್ಲಿ ಮಾಂಸ ಹೆಚ್ಚಾಗಿ ಹೆಣ್ಣುಗಳ ಕೈಯಲ್ಲಿರುತ್ತದೆ.

ಇನ್ನು ಗೊರಿಲ್ಲಾ, ಇವೆಲ್ಲಕ್ಕಿಂತ ದೊಡ್ಡದು. ಬೆಟ್ಟದ ಗೊರಿಲ್ಲಾ ಎಲೆ, ದಂಟು, ಬಿದಿರಿನ ಕಳಲೆ ತಿಂದೇ ಆ ಮೈ ಬೆಳೆಸುತ್ತದೆ. ತಗ್ಗಿನ ಕಾಡಿನದು ಹಣ್ಣು ಸಿಕ್ಕರೆ ಬಿಡದು, ಇರುವೆಯನ್ನೂ ತಿನ್ನುತ್ತದೆ. “ನೋಡಿ, ಮಾಂಸವಿಲ್ಲದೆ ಎಂಥ ಬಲ!” ಎನ್ನಬಹುದು. ಆದರೆ ಅದರ ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುಳಿಯಿಸಿ ಶಕ್ತಿ ಒದಗಿಸುತ್ತವೆ. ನಮ್ಮ ದೊಡ್ಡ ಕರುಳು ಅಷ್ಟು ಹಿರಿದಲ್ಲ. ಬರಿಯ ಎಲೆ ದಂಟಿನಿಂದ ನಮ್ಮ ಸಂಸಾರ ಸಾಗದು.

ಒರಾಂಗುಟಾನ್ ಕೂಡ ಹಣ್ಣಿನ ಪ್ರಿಯ. ಹಣ್ಣಿಲ್ಲದ ಕಾಲದಲ್ಲಿ ಮರದ ತೊಗಟೆಯನ್ನೂ ಸುಲಿದು ತಿನ್ನುತ್ತದೆ. ಸುಮಾತ್ರಾದಲ್ಲಿ ಅಪರೂಪಕ್ಕೆ, ನಮ್ಮ ಕಾಡುಪಾಪದ ಬಳಗದ ಪ್ರಾಣಿಯೊಂದನ್ನು ಹಿಡಿದು ತಿಂದದ್ದೂ ಉಂಟು.

ಹಾಗಾದರೆ ಸಾಕ್ಷಿ ಯಾರ ಪರ? ಯಾರ ಪರವೂ ಅಲ್ಲ. ಕಾಡು, ಋತು, ಕರುಳು ಹೇಗೋ ಅವುಗಳ ಊಟ ಹಾಗೆ. ಮನುಷ್ಯನಿಗೆ ಇವುಗಳ ಮೇಲೆ ಬೆಂಕಿಯೂ ಬುದ್ಧಿಯೂ ಇವೆ. ಜೀವದಯೆಯಿಂದ ಮಾಂಸ ಬಿಟ್ಟವರು ಹಾಗೆಂದೇ ಹೇಳಲಿ. ಅದು ಗೌರವದ ಮಾತು. ತಿನ್ನುವವರು ತಮ್ಮ ರೂಢಿ, ತಮ್ಮ ರುಚಿ ಎಂದು ಹೇಳಲಿ, ಅದರಲ್ಲಿ ನಾಚಿಕೆಯಿಲ್ಲ. ಪಾತ್ರೆ ಬೇರೆ ಬೇಕಾದರೆ ಇಟ್ಟುಕೊಳ್ಳೋಣ. ಆದರೆ ಹೊಸ ಹುಡುಗ ಗಂಟು ಹೊತ್ತು ಬಾಗಿಲಲ್ಲಿ ನಿಂತಾಗ, ವಾನರನ ಸಾಕ್ಷಿ ಹಿಡಿದು ಅವನನ್ನು ಹಿಂದಕ್ಕೆ ಕಳುಹಿಸುವುದು ಬೇಡ.