ಮುದಿ ಕೋಳಿಗಳ ಹಿಂಡಿಗೆ ಎಳೆಯ ಹೇಂಟೆಗಳನ್ನು ಕೂಡಿಸುವ ಕ್ರಮ



ಹಿತ್ತಲಿನ ಕೋಳಿಗಳು ಅಲ್ಪವಾದ ಆಸ್ತಿಯೆಂದು ತೋರಿದರೂ, ಉಪ್ಪು, ಎಣ್ಣೆ, ಮಕ್ಕಳ ಪುಸ್ತಕ ಮುಂತಾದವುಗಳ ವೆಚ್ಚವು ಅನೇಕ ಮನೆಗಳಲ್ಲಿ ಮೊಟ್ಟೆಯ ಹಣದಿಂದಲೇ ಸಾಗುತ್ತದೆ. ಹೇಂಟೆಯು ಮೊದಲನೆಯ ವರ್ಷದಲ್ಲಿ ಹೆಚ್ಚಾಗಿ ಮೊಟ್ಟೆಯಿಟ್ಟು, ಅನಂತರ ವರ್ಷ ವರ್ಷವೂ ಸುಮಾರು ಐದರಲ್ಲೊಂದು ಪಾಲಿನಷ್ಟು ಕಡಮೆ ಮಾಡುತ್ತ ಬರುವುದು. ಅದು ತಿನ್ನುವ ಕಾಳು ಮಾತ್ರ ಕಡಮೆಯಾಗದು. ಆದಕಾರಣ 12 ಹೇಂಟೆಗಳುಳ್ಳ ಮನೆಯವರು ಪ್ರತಿ ವರ್ಷವೂ 4 ಎಳೆಯ ಹೇಂಟೆಗಳನ್ನು ಕೂಡಿಸಿ, 4 ಮುದಿ ಕೋಳಿಗಳನ್ನು ತೆಗೆಯುವುದು ಯುಕ್ತವು.

ಎಳೆಯ ಹೇಂಟೆಗಳನ್ನು ಎಲ್ಲಿಂದ ತರಬೇಕೆಂಬುದೇ ಮುಖ್ಯ ಪ್ರಶ್ನೆ. ಸಂತೆಯಲ್ಲಿ ಕೊಳ್ಳುವುದು ಸುಲಭವಾದರೂ ಅಪಾಯಕರವಾದುದು. ಒಂದೂರಿನಲ್ಲಿ ಕೋಳಿಗಳು ಸಾಯತೊಡಗಿದೊಡನೆ, ಉಳಿದವುಗಳನ್ನು ಸಿಕ್ಕಿದ ಬೆಲೆಗೆ ಮಾರಿಬಿಡುವವರುಂಟು. ಹೀಗೆ ಅಗ್ಗವಾಗಿ ಬಂದ ಒಂದು ಹೇಂಟೆಯಿಂದ ಮನೆಯ ಹಿಂಡೆಲ್ಲವೂ ವಾರದೊಳಗೆ ಹಾಳಾಗಬಹುದು. ಕೊಕ್ಕರೆ ರೋಗವು ತಗುಲಿದ ಕೋಳಿಯು ಬಾಯಿ ತೆರೆದು ಉಸಿರಾಡುವುದು, ಹಸುರಾಗಿ ಭೇದಿ ಮಾಡುವುದು, ರೆಕ್ಕೆಗಳನ್ನು ಜೋಲುಬಿಡುವುದು, ಕತ್ತನ್ನು ತಿರುಚುವುದು. ರೋಗವು ಬಂದ ಮೇಲೆ ಇದಕ್ಕೆ ಔಷಧವಿಲ್ಲ.

ಆದುದರಿಂದ ಮನೆಯಲ್ಲಿಯೇ ಮರಿ ಮಾಡಿಸುವುದು ಉತ್ತಮ ಮಾರ್ಗ. ದೀಪಾವಳಿಯ ನಂತರದ ತಂಪಿನ ತಿಂಗಳುಗಳು ಇದಕ್ಕೆ ಅನುಕೂಲವಾಗಿವೆ. ಹೆಚ್ಚು ಮೊಟ್ಟೆಯಿಡುವ ಹೇಂಟೆಯ, ಒಂದು ವಾರಕ್ಕೆ ಮೀರದ ಮೊಟ್ಟೆಗಳನ್ನು ಆರಿಸಿ, ಕಾವು ಕೂತ ನಾಟಿ ಹೇಂಟೆಯ ಕೆಳಗೆ 10 ರಿಂದ 12 ಇಡತಕ್ಕದ್ದು. 21 ದಿನಗಳಲ್ಲಿ ಮರಿಗಳು ಹೊರಬರುವುವು. ಅವುಗಳಲ್ಲಿ ಸುಮಾರು ಅರ್ಧ ಹುಂಜಗಳು. ಹದ್ದು, ಕಾಗೆ, ಮುಂಗುಸಿಗಳ ಪಾಲಿಗೆ ಹೋಗುವುವೂ ಕೆಲವು. ಕೊನೆಗೆ ದಕ್ಕುವ ಹೇಂಟೆಗಳು ಎರಡೋ ಮೂರೋ ಎಂದು ಲೆಕ್ಕವಿಟ್ಟು, ಎರಡು ಹೇಂಟೆಗಳನ್ನು ಒಂದೇ ದಿನ ಕಾವಿಗೆ ಕೂರಿಸುವುದು ಜಾಣತನ. ಹೊಸ ರಕ್ತವು ಬೇಕಾದಲ್ಲಿ ಆರೋಗ್ಯವಾದ ಹಿಂಡಿನಿಂದ ಮೊಟ್ಟೆಗಳನ್ನೇ ತರಬಹುದು. ಕೋಳಿಯನ್ನು ತರುವುದಕ್ಕಿಂತ ಇದರಲ್ಲಿ ರೋಗಭಯವು ಬಹಳ ಕಡಮೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮೊದಲಾದ ತಳಿಗಳನ್ನು ಸಾಕುವವರೂ ಕಾವು ಕೂರುವುದಕ್ಕೆಂದು ಒಂದೆರಡು ನಾಟಿ ಹೇಂಟೆಗಳನ್ನು ಬಿಡದೆ ಇಟ್ಟುಕೊಳ್ಳತಕ್ಕದ್ದು.

ಕೊಂಡೇ ತರಬೇಕಾದವರು ಪರಿಚಿತರ ಮನೆಯ ಹಿತ್ತಲಿಗೆ ಹೋಗಿ, ಹಿಂಡೆಲ್ಲವನ್ನೂ ಕಣ್ಣಾರೆ ಕಂಡು ಕೊಳ್ಳಲಿ. ಎಳೆಯ ಹೇಂಟೆಯ ಕಾಲಿನ ಚಕ್ಕೆಗಳು ನುಣುಪಾಗಿಯೂ ಹೊಳಪಾಗಿಯೂ ಇರುವುವು. ಮುದಿಯದರ ಕಾಲು ಒರಟು. ಎದೆಯ ಮೂಳೆಯ ತುದಿಯು ಎಳೆಯದರಲ್ಲಿ ಬೆರಳಿಗೆ ಬಾಗುವುದು. ತಂದ ಕೋಳಿಗಳನ್ನು ಮೂರು ವಾರಗಳ ಕಾಲ ದೂರದ ಗೂಡಿನಲ್ಲಿ ಬೇರೆ ನೀರು, ಬೇರೆ ಮೇವು ಕೊಟ್ಟು ಇಡತಕ್ಕದ್ದು. ಮನೆಯ ಕೋಳಿಗಳಿಗೆ ಮೊದಲು ಕಾಳು ಹಾಕಿ, ಹೊಸವುಗಳ ಬಳಿಗೆ ಕೊನೆಯಲ್ಲಿ ಹೋಗಬೇಕು. ಅವಧಿಯು ಮುಗಿದ ಮೇಲೆ ಕತ್ತಲಾದ ಬಳಿಕ ಹಳೆಯವುಗಳೊಡನೆ ಗೂಡಿಗೆ ಬಿಟ್ಟರೆ ಕಾದಾಟವು ಕಡಮೆ. ಒಂಟಿ ಹೇಂಟೆಯನ್ನು ಬಿಟ್ಟರೆ ಹಳೆಯವುಗಳೆಲ್ಲ ಸೇರಿ ಅದನ್ನು ಕುಕ್ಕುವುವು; ಎರಡು ಮೂರನ್ನು ಒಟ್ಟಿಗೆ ಬಿಡುವುದು ಲೇಸು.

ಇನ್ನು ಊರಿನ ಮುಖಂಡರ ಕರ್ತವ್ಯ. ಕೊಕ್ಕರೆ ರೋಗವನ್ನು ತಡೆಯುವ ಲಸಿಕೆಯುಂಟು. ಮರಿಗೆ 5 ರಿಂದ 7 ದಿನಗಳಾದಾಗ ಕಣ್ಣಿಗೆ ಅಥವಾ ಮೂಗಿಗೆ ಹನಿ ಹಾಕಿಸಿ, 8 ವಾರಗಳು ತುಂಬಿದ ಮೇಲೆ ಚುಚ್ಚುಮದ್ದು ಹಾಕಿಸುವುದು ರೂಢಿ. ಆದರೆ ಲಸಿಕೆಯ ಒಂದು ಸೀಸೆಯು ಸಾಮಾನ್ಯವಾಗಿ 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವಂಥದು. ಕಲಸಿದ ಮೇಲೆ ಕೆಲವು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿಗಳುಳ್ಳ ಒಬ್ಬ ರೈತನಿಗೆ ಇದು ದಕ್ಕುವ ಮಾತಲ್ಲ. ಮುಖಂಡರು ಪಶುವೈದ್ಯರೊಡನೆ ಮಾತನಾಡಿ ದಿನವನ್ನು ಗೊತ್ತುಮಾಡಿ, ಮುನ್ನಾದಿನ ಊರಿಗೆಲ್ಲ ತಿಳಿಸಿ, ಬೆಳಗ್ಗೆ ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲೇ ಕೆಲಸವನ್ನು ಆರಂಭಿಸಿದರೆ, ಒಂದೇ ಹೊತ್ತಿನಲ್ಲಿ ಊರಿನ ಕೋಳಿಗಳೆಲ್ಲಕ್ಕೂ ರಕ್ಷಣೆ ದೊರೆಯುವುದು. ಸತ್ತ ಕೋಳಿಗಳನ್ನು ಹಳ್ಳಕ್ಕೆ ಎಸೆಯದೆ, ಸುಣ್ಣ ಹಾಕಿ ಆಳವಾಗಿ ಹೂಳುವಂತೆಯೂ, ರೋಗವಿರುವಾಗ ಯಾರೂ ಕೋಳಿಗಳನ್ನು ಸಂತೆಗೆ ಒಯ್ಯದಂತೆಯೂ ಅವರು ನೋಡಿಕೊಳ್ಳತಕ್ಕದ್ದು.

ಒಬ್ಬನ ಹಿತ್ತಲಿನ ರೋಗವು ಬೇಲಿಯನ್ನು ಕೇಳಿ ದಾಟುವುದಿಲ್ಲ. ತನ್ನ ಹಿಂಡಿಗೆ ಎಳೆಯ ಹೇಂಟೆಯನ್ನು ಕೂಡಿಸುವವನು ನೆರೆಯವನ ಹಿಂಡಿಗೂ ಹೊಣೆಗಾರನೆಂದು ತಿಳಿದು ನಡೆದರೆ, ಊರಿನ ಎಲ್ಲರ ಗೂಡುಗಳೂ ತುಂಬಿರುವುವು.