ಪ್ರೊಬೇಷನ್ ಸಿಕ್ತು ಅಂದ್ರೆ ಕೇಸ್ ಮುಗೀತು ಅಂತಲ್ಲ

ಪ್ರೊಬೇಷನ್ ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನಕ್ಕೆ ನೆನಪಾಗೋದು ಹೊಸ ಕೆಲಸದ ಮೊದಲ ಆರು ತಿಂಗಳು. ಇವತ್ತು ನಾವು ಮಾತಾಡ್ತಿರೋದು ಅದಲ್ಲ, ಕೋರ್ಟ್ ಕೊಡೋ ಪ್ರೊಬೇಷನ್ ಬಗ್ಗೆ.

ಒಂದು ಉದಾಹರಣೆ ತಗೊಳ್ಳೋಣ. ಹಾಸನದ ಕಡೆಯ ಒಬ್ಬ ಹುಡುಗ ಅಂದ್ಕೊಳ್ಳಿ. ಗಣಪತಿ ಬಿಡೋ ದಿನ ಜಗಳ ಆಯ್ತು, ಇವನು ಹೊಡೆದ, ಎದುರಿನವನಿಗೆ ಗಾಯ ಆಯ್ತು. ಕೇಸ್ ನಡೀತು, ತಪ್ಪು ಸಾಬೀತಾಯ್ತು. ತೀರ್ಪು ಬಂದಾಗ ಅವನಿಗೆ 20 ವರ್ಷ. ನ್ಯಾಯಾಧೀಶರು ಜೈಲಿಗೆ ಕಳಿಸಲಿಲ್ಲ. ಎರಡು ವರ್ಷ ಸನ್ನಡತೆಯಿಂದ ಇರ್ತೀನಿ ಅಂತ ಬಾಂಡ್ ಬರೆಸಿಕೊಂಡು, ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಇರಬೇಕು ಅಂತ ಹೇಳಿ ಬಿಟ್ಟರು. ಮನೆಯಲ್ಲಿ ಎಲ್ಲರೂ ಅಂದ್ರು, ‘ಸದ್ಯ, ಕೇಸ್ ಮುಗೀತು.’

ಎಡವೋದು ಇಲ್ಲೇ. ಕೇಸ್ ಮುಗಿದಿಲ್ಲ. ಶಿಕ್ಷೆಯನ್ನ ಸದ್ಯಕ್ಕೆ ತಡೆದು ಇಟ್ಟಿದ್ದಾರೆ, ಅಷ್ಟೇ.

ಇದಕ್ಕೆ ಆಧಾರ 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ. ಅದರ 4ನೇ ಸೆಕ್ಷನ್ ಪ್ರಕಾರ ಬಾಂಡ್ ಅವಧಿ ಗರಿಷ್ಠ 3 ವರ್ಷ. ಅಧಿಕಾರಿಯ ನಿಗಾ ಇದ್ದರೆ ಅದು ಕನಿಷ್ಠ 1 ವರ್ಷ. ಎಲ್ಲಿ ವಾಸ ಇರಬೇಕು, ಕುಡಿಯಬಾರದು, ಇಂಥ ಷರತ್ತುಗಳನ್ನ ಕೋರ್ಟ್ ಹಾಕಬಹುದು. ನಿಗಾ ಆದೇಶ ಆದರೆ ಅದರ ಷರತ್ತುಗಳನ್ನ ನಿಮಗೆ ವಿವರಿಸಿ, ಒಂದು ಪ್ರತಿ ಕೊಡಬೇಕು. ಆ ಪ್ರತಿ ಕೇಳಿ ತಗೊಳ್ಳಿ. ಫೋಟೊ ತೆಗೆದು ಫೋನಿನಲ್ಲೂ ಇಟ್ಕೊಳ್ಳಿ.

ಈಗ ನಮ್ಮ ಹುಡುಗನ ಕಥೆಗೆ ಬರೋಣ. ಆರು ತಿಂಗಳಾದ ಮೇಲೆ ಗೆಳೆಯ ಬೆಂಗಳೂರಲ್ಲಿ ಡೆಲಿವರಿ ಕೆಲಸ ಇದೆ ಅಂತ ಕರೆದ. ಇವನು ಬ್ಯಾಗ್ ಎತ್ಕೊಂಡು ಹೊರಟ. ಸಿಮ್ ಬದಲಾಯ್ತು. ಅಧಿಕಾರಿ ಮನೆಗೆ ಬಂದ್ರೆ ಆಸಾಮಿ ಇಲ್ಲ, ಫೋನ್ ಮಾಡಿದ್ರೆ ಸ್ವಿಚ್ ಆಫ್. ಇವನು ಯಾವ ಹೊಸ ತಪ್ಪೂ ಮಾಡಿಲ್ಲ, ದುಡೀತಿದ್ದಾನೆ. ಆದ್ರೆ ಕೋರ್ಟಿಗೆ ಹೋಗೋ ವರದಿಯಲ್ಲಿ ಇರೋದು ‘ಷರತ್ತು ಪಾಲಿಸಿಲ್ಲ’ ಅಂತ.

ಹಾಗಾದ್ರೆ ಕೆಲಸಕ್ಕೆ ಹೋಗಲೇಬಾರದಾ? ಹೋಗಬಹುದು, ಆದ್ರೆ ಮೊದಲು ಹೇಳಬೇಕು. ಪ್ರೊಬೇಷನ್ ಅಧಿಕಾರಿ ಅರ್ಜಿ ಹಾಕಿದರೆ ಷರತ್ತು ಬದಲಾಯಿಸೋಕೆ 8ನೇ ಸೆಕ್ಷನ್‌ನಲ್ಲಿ ಕೋರ್ಟಿಗೆ ಅಧಿಕಾರ ಇದೆ. ನಡತೆ ಚೆನ್ನಾಗಿದ್ರೆ ಅವಧಿಗೆ ಮುಂಚೆಯೇ ಬಾಂಡ್‌ನಿಂದ ಬಿಡುಗಡೆ ಮಾಡಬಹುದು. ಅಂದ್ರೆ ಆ ಅಧಿಕಾರಿ ಪೊಲೀಸ್ ಥರ ಹಿಡಿಯೋಕೆ ಬಂದವರಲ್ಲ. ಕೆಲಸ ಹುಡುಕೋಕೆ ಸಹಾಯ ಮಾಡೋದೂ ಕಾಯ್ದೆ ಪ್ರಕಾರ ಅವರ ಕರ್ತವ್ಯ. ಬಾಯಲ್ಲಿ ಹೇಳಿದರೆ ಸಾಲದು. ಬರೆದು ಕೊಡಿ, ಆದೇಶ ಬಂದ ಮೇಲೆ ಊರು ಬಿಡಿ.

ಷರತ್ತು ಮುರಿದರೆ ಏನಾಗುತ್ತೆ? 9ನೇ ಸೆಕ್ಷನ್ ಅಡಿ ಸಮನ್ಸ್ ಬರಬಹುದು, ನೇರವಾಗಿ ವಾರಂಟೂ ಬರಬಹುದು. ಮೊದಲ ಸಲದ ತಪ್ಪಾದರೆ 50 ರೂಪಾಯಿವರೆಗೆ ದಂಡ ಹಾಕಿ, ಬಾಂಡ್ ಮುಂದುವರಿಸಬಹುದು. ‘ಬರೀ ಐವತ್ತಾ’ ಅಂತ ನಗಬೇಡಿ. ಮೊದಲ ಸಲಕ್ಕೇ ಮೂಲ ಅಪರಾಧಕ್ಕೆ ಶಿಕ್ಷೆ ಕೊಡೋ ಅಧಿಕಾರವೂ ಅದೇ ಸೆಕ್ಷನ್‌ನಲ್ಲಿದೆ. ಶ್ಯೂರಿಟಿ ಹಾಕಿದವರಿಗೂ ಸಮನ್ಸ್ ಹೋಗಬಹುದು. ಅವರು ನಿಮ್ಮ ಅಪ್ಪನೋ ಮಾವನೋ ಆಗಿರ್ತಾರೆ.

ಇನ್ನೂ ದೊಡ್ಡ ನಷ್ಟ ಒಂದಿದೆ. ಅಪರಾಧಿ ಅಂತ ತೀರ್ಪಾದವರಿಗೆ ಕೆಲವು ಕಾನೂನುಗಳು ಅನರ್ಹತೆ ಹಾಕ್ತವೆ. ಪ್ರೊಬೇಷನ್ ಸಿಕ್ಕವರಿಗೆ ಅದು ತಟ್ಟದ ಹಾಗೆ 12ನೇ ಸೆಕ್ಷನ್ ಕಾಯುತ್ತೆ. ಷರತ್ತು ಮುರಿದು ಮೂಲ ಶಿಕ್ಷೆ ಬಿತ್ತು ಅಂದ್ರೆ ಆ ರಕ್ಷಣೆಯೂ ಹೋಯ್ತು. ಒಂದು ಎಚ್ಚರ: ಈ ರಕ್ಷಣೆ ಇದೆ ಅಂತ ತಪ್ಪಿತಸ್ಥ ಅನ್ನೋ ತೀರ್ಪು ಅಳಿಸಿ ಹೋಗಲ್ಲ. ಕೆಲಸದ ಫಾರಂನಲ್ಲಿ ಕೇಳಿದರೆ ಸುಳ್ಳು ಬರೀಬೇಡಿ, ವಕೀಲರನ್ನ ಕೇಳಿ.

ಈಗಾಗಲೇ ಎಡವಿದ್ದೀರಾ? ತಲೆ ಮರೆಸಿಕೊಳ್ಳಬೇಡಿ. ವಾರಂಟ್ ಹುಡುಕಿಕೊಂಡು ಬರೋ ಮೊದಲು ನೀವೇ ಅಧಿಕಾರಿಯ ಹತ್ರ ಹೋಗಿ. ಆಸ್ಪತ್ರೆ ಚೀಟಿ, ಬಸ್ ಟಿಕೆಟ್, ಸಂಬಳದ ಚೀಟಿ, ಕಾರಣ ತೋರಿಸೋ ಕಾಗದ ಏನಿದ್ರೂ ತಗೊಂಡು ಹೋಗಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅರ್ಹರಿಗೆ ಉಚಿತ. ಸಹಾಯವಾಣಿ 15100.

ಕೋರ್ಟ್ ನಿಮ್ಮ ಮೇಲೆ ಒಂದು ಸಲ ನಂಬಿಕೆ ಇಟ್ಟಿದೆ. ಹೇಳದೆ ಊರು ಬಿಟ್ಟು ಅದನ್ನ ಕಳ್ಕೋಬೇಡಿ.